ಗೋಬರ್ ಗ್ಯಾಸ್‌ಗೆ ಹಾಕಿದ ಸಗಣಿಯಲ್ಲಿ ಸಾರ ಉಳಿಯುತ್ತದೆಯೇ?

ಪ್ರಶ್ನೆ: ಕಾರ್ಕಳದ ಬಳಿ ನಮಗೆ ಸಣ್ಣ ಅಡಿಕೆ ತೋಟವಿದೆ, ಹಟ್ಟಿಯಲ್ಲಿ ನಾಲ್ಕು ಜೆರ್ಸಿ ದನಗಳಿವೆ. ಮನೆಯಲ್ಲೇ ಚಕ್ಕುಲಿ, ಬಾಳೆಕಾಯಿ ಚಿಪ್ಸ್ ಮಾಡಿ ಪೇಟೆಯ ಅಂಗಡಿಗಳಿಗೆ ಕೊಡುತ್ತೇವೆ. ಗೋಬರ್ ಗ್ಯಾಸ್ ಹಾಕಿಸೋಣವೆಂದರೆ, ಸಗಣಿಯ ಸಾರವೆಲ್ಲ ಒಲೆಯಲ್ಲಿ ಉರಿದುಹೋಗಿ ತೋಟಕ್ಕೆ ಬರೀ ನೀರು ಸಿಗುತ್ತದೆಂದು ಹಿರಿಯರು ಬೇಡವೆನ್ನುತ್ತಾರೆ. ಏನು ಮಾಡಲಿ?

ಉತ್ತರ: ಧೈರ್ಯವಾಗಿ ಹಾಕಿಸಿ. ದನಕ್ಕೆ ದಿನಕ್ಕೆ 10 ಕೆ.ಜಿ. ಎಂದರೂ 40 ಕೆ.ಜಿ. ಸಗಣಿಯಾಯಿತು, ಕೆ.ಜಿ.ಗೆ ಸುಮಾರು 40 ಲೀಟರ್‌ನಂತೆ ದಿನಕ್ಕೆ 1,600 ಲೀಟರ್ ಅನಿಲ ಸಿಗುತ್ತದೆ. ತಿಂಗಳ ಲೆಕ್ಕದಲ್ಲಿ ಇದು ವ್ಯಾಪಾರಕ್ಕೆ ಬಳಸುವ 19 ಕೆ.ಜಿ.ಯ ಸಿಲಿಂಡರ್ ಒಂದಕ್ಕೆ ಹೆಚ್ಚುಕಡಿಮೆ ಸಮ. ದನಗಳನ್ನು ಹಗಲಿಡೀ ಗುಡ್ಡೆಗೆ ಬಿಡುವವರಿಗೆ ಮಾತ್ರ ಈ ಲೆಕ್ಕ ಹೊಂದದು.

ಇನ್ನು ಸಾರದ ಮಾತು. ಇದಕ್ಕೆ ನಾನು ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಆದರೂ ಒಂದು ಒಳ್ಳೆಯ ಸಾಧನ ಈ ಒಂದು ತಪ್ಪು ನಂಬಿಕೆಯಿಂದಲೇ ಹಲವು ಮನೆಗಳ ಅಂಗಳದವರೆಗೆ ಬಂದು ಹಿಂದಿರುಗುವುದನ್ನು ನೋಡಿ ಸುಮ್ಮನಿರಲಾಗದು. ಒಲೆಯಲ್ಲಿ ಉರಿಯುವುದು ಮೀಥೇನ್. ಅದರಲ್ಲಿರುವುದು ಇಂಗಾಲ ಮತ್ತು ಜಲಜನಕ ಎರಡೇ. ಅಡಿಕೆ ಮರ ಗೊಬ್ಬರದಿಂದ ಬಯಸುವ ಸಾರಜನಕ, ರಂಜಕ, ಪೊಟ್ಯಾಷ್‌ಗಳಲ್ಲಿ ಯಾವುದೂ ಅದರಲ್ಲಿಲ್ಲ. ಮರಕ್ಕೆ ಬೇಕಾದ ಇಂಗಾಲವನ್ನು ಎಲೆಗಳು ಗಾಳಿಯಿಂದಲೇ ಪಡೆಯುತ್ತವೆ. ಗೋಬರ್ ಗ್ಯಾಸ್‌ನ ಗುಮ್ಮಟದೊಳಗೆ ಸುಮಾರು 40 ದಿನ ಕೊಳೆತ ಸಗಣಿಯ ಸಾರಜನಕ, ಗ್ಯಾಸ್ ಕೊಟ್ಟು ಹೊರಬರುವ ಸಗಣಿನೀರಿನಲ್ಲೇ, ಅಂದರೆ ಸ್ಲರಿಯಲ್ಲೇ, ಉಳಿಯುವುದಷ್ಟೇ ಅಲ್ಲ, ಅದರ ಒಂದು ಪಾಲು ಅಮೋನಿಯಂ ರೂಪಕ್ಕೆ ತಿರುಗಿ, ಬೇರು ಬೇಗನೆ ಹೀರಿಕೊಳ್ಳುವಂತಾಗುತ್ತದೆ.

ಹಾಗಾದರೆ ಹಿರಿಯರು ಕಂಡದ್ದು ಸುಳ್ಳೇ? ಅಲ್ಲ, ಕಣ್ಣಿಗೆ ಕಂಡದ್ದು ನಿಜ, ಕಾರಣ ಬೇರೆ. ಸಗಣಿಗೆ ಸಮಪ್ರಮಾಣದ ನೀರು ಬೆರೆಸುವುದರಿಂದ ಸ್ಲರಿ ತೆಳುವಾಗಿರುತ್ತದೆ. ಹಟ್ಟಿಗೊಬ್ಬರದ ಒಂದು ಬುಟ್ಟಿಯನ್ನು ಸ್ಲರಿಯ ಒಂದು ಬಕೆಟ್‌ಗೆ ಹೋಲಿಸಿದರೆ ಸ್ಲರಿ ಸೋಲಲೇಬೇಕು. ಇನ್ನೂ ದೊಡ್ಡ ತಪ್ಪೆಂದರೆ, ಹೊರಲು ಸುಲಭವೆಂದು ಅದನ್ನು ಬಿಸಿಲಿನಲ್ಲಿ ಹರವಿ ಒಣಗಿಸಿ ಪುಡಿ ಮಾಡುವುದು. ಅಮೋನಿಯಂ ಆಗ ಅಮೋನಿಯಾ ಆಗಿ ಗಾಳಿಗೆ ಸೇರುತ್ತದೆ. ಸಾರ ಹೋದದ್ದು ಅಂಗಳದಲ್ಲಿ, ದೂರು ಮಾತ್ರ ಗುಮ್ಮಟದ ಮೇಲೆ. ಸ್ಲರಿಯನ್ನು ಹಸಿಯಾಗಿರುವಾಗಲೇ ಸಂಜೆ ಹೊತ್ತು ಮರದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ, ಇಲ್ಲವೇ ಗುಂಡಿಯಲ್ಲಿ ತರಗೆಲೆ, ಅಡಿಕೆ ಸಿಪ್ಪೆಗಳ ಪದರಗಳ ಮೇಲೆ ಸುರಿದು ಕಾಂಪೋಸ್ಟ್ ಮಾಡಿ.

ಸಾರ ನಷ್ಟವಾಗುವ ಬಗ್ಗೆ ಚಿಂತೆಯಿದ್ದರೆ ನೋಡಬೇಕಾದದ್ದು ಹಟ್ಟಿಯ ಹಿಂದೆ ಮಾಡು (ಸೂರು) ಇಲ್ಲದೆ ಬಿದ್ದಿರುವ ಗೊಬ್ಬರದ ರಾಶಿಯನ್ನು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಊರಿನಲ್ಲಿ ಆ ರಾಶಿಯಿಂದ ಇಳಿದು ತೋಡು ಸೇರುವ ಕಂದು ನೀರೇ ನಿಮ್ಮ ಪೊಟ್ಯಾಷ್. ಸ್ಲರಿ ಗುಂಡಿಗೂ ಮಳೆಗಾಲದಲ್ಲಿ ಮಾಡು ಬೇಕೇ ಬೇಕು.

ಮಳೆಗಾಲದ ಮಾತು ಬಂದುದರಿಂದ ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಜಡಿಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನೀವು ಅದನ್ನು ಖಂಡಿತ ಕೇಳುವಿರಿ. ಎಣ್ಣೆ ಕಾದಿರುವಾಗಲೇ ಉರಿ ಕುಣಿಯತೊಡಗಿ, ಒಮ್ಮೆಲೇ ಕುಗ್ಗಿ ಆರಿಹೋಗುತ್ತದೆ. ಚಳಿಗೆ ಗ್ಯಾಸ್ ಉತ್ಪಾದನೆ ನಿಂತಿತೆಂದು ಎಲ್ಲರೂ ತಿಳಿಯುತ್ತಾರೆ. ಕರಾವಳಿಯಲ್ಲಿ ಅಂಥ ಚಳಿಯಿಲ್ಲ. 1984ರಲ್ಲಿ ರೂಪುಗೊಂಡ ದೀನಬಂಧು ಮಾದರಿಯ ಗುಮ್ಮಟವಂತೂ ನೆಲದೊಳಗೇ ಇರುವುದರಿಂದ ಬೆಚ್ಚಗಿರುತ್ತದೆ. ಅನಿಲದ ಜೊತೆ ಬರುವ ಆವಿ ತಂಪಾದ ಪೈಪಿನಲ್ಲಿ ನೀರಾಗಿ, ಪೈಪು ಜೋತುಬಿದ್ದ ಕಡೆ ನಿಂತು ದಾರಿ ಕಟ್ಟುತ್ತದೆ. ಆದ್ದರಿಂದ ಪೈಪನ್ನು ಒಂದೇ ಇಳಿಜಾರಿನಲ್ಲಿ ಎಳೆಸಿ, ಅತ್ಯಂತ ತಗ್ಗಿನಲ್ಲಿ ನೀರು ಬಿಡುವ ನಳ್ಳಿಯೊಂದನ್ನು ಕೂರಿಸಲು ಮೇಸ್ತ್ರಿಗೆ ಮೊದಲೇ ಹೇಳಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಹತ್ತಿರದಲ್ಲಿ ಬೆಂಕಿಯಿಲ್ಲದಾಗ, ಅದನ್ನು ತೆರೆದು ನೀರು ಇಳಿದ ಕೂಡಲೇ ಮುಚ್ಚಿ.