ಗಾರ್ಡ್: ಮಷಿನ್ನಿಗೆ ಹಾಕುವ ಬೇಲಿ

ಶಿರಸಿ ಕಡೆಯವರಿಗೆ ಬೇಲಿ ಅಂದರೆ ಏನೆಂದು ಹೇಳಿಕೊಡಬೇಕಿಲ್ಲ. ತೋಟಕ್ಕೆ ದನ ನುಗ್ಗಬಾರದು, ಹಂದಿ ಬರಬಾರದು, ಅದಕ್ಕೆ ಬೇಲಿ. ನಾವು ಓಡಾಡಲು ನಡುವೆ ಒಂದು ದಣಪೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ 'ಗಾರ್ಡ್' ಅನ್ನುವುದೂ ಬೇಲಿಯೇ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಕೂಡ ಯಂತ್ರದ ಅಪಾಯದ ಭಾಗಗಳಿಗೆ ಗಟ್ಟಿಯಾದ ಬೇಲಿ ಇರಬೇಕು ಎಂದೇ ಹೇಳುತ್ತಿತ್ತು. ಆ ಭಾಗ ಓಡುತ್ತಿರುವಷ್ಟು ಹೊತ್ತೂ ಬೇಲಿ ತನ್ನ ಜಾಗದಲ್ಲೇ ಇರಬೇಕು ಎಂದೂ ಹೇಳುತ್ತಿತ್ತು. ವ್ಯತ್ಯಾಸ ಒಂದೇ. ತೋಟದ ಬೇಲಿ ಒಳಗಿರುವುದನ್ನು ಕಾಯುತ್ತದೆ, ಮಷಿನ್ನಿನ ಬೇಲಿ ಹೊರಗೆ ನಿಂತವರನ್ನು ಕಾಯುತ್ತದೆ.

ಬೆಲ್ಟು, ಗಿಯರು, ಫ್ಲೈವೀಲುಗಳ ಮಟ್ಟಿಗೆ ಇದು ಸುಲಭದ ಕೆಲಸ. ತಗಡಿನ ಕವರ್ ಹಾಕಿ ಬೋಲ್ಟ್ ಬಿಗಿದರೆ ಆಯಿತು. ಸ್ಪ್ಯಾನರ್ ಇಲ್ಲದೆ ಬಿಚ್ಚಲು ಬರಬಾರದು, ಅಷ್ಟೇ. ಇನ್ನು ಕೆಲವು ಕವರುಗಳನ್ನು ಆಗಾಗ ತೆಗೆಯಲೇಬೇಕಾಗುತ್ತದೆ. ಅಂಥವು ನಮ್ಮ ದಣಪೆಯ ಹಾಗೆ. ಅವುಗಳಿಗೆ ಒಂದು ಸ್ವಿಚ್ ಕೂರಿಸುತ್ತಾರೆ. ಕವರ್ ತೆಗೆದ ಕೂಡಲೇ ಮಷಿನ್ ನಿಲ್ಲುತ್ತದೆ, ಮುಚ್ಚುವವರೆಗೆ ಚಾಲೂ ಆಗುವುದಿಲ್ಲ. ಇದಕ್ಕೆ ಇಂಟರ್‌ಲಾಕ್ ಎಂದು ಹೆಸರು.

ತೊಡಕು ಇರುವುದು ಪೇಪರ್ ಕಟಿಂಗ್ ಮಷಿನ್ನಿನ ಮುಂಭಾಗದಲ್ಲಿ. ಅಲ್ಲಿ ಗೋಡೆ ಕಟ್ಟಿಬಿಟ್ಟರೆ ಕಾಗದ ಇಡುವುದು ಎಲ್ಲಿಂದ? ಪ್ರತಿ ಕಟ್ಟಿಗೂ ಕೈ ಒಳಗೆ ಹೋಗಲೇಬೇಕು. ಕಾಗದದ ಕಟ್ಟನ್ನು ತಟ್ಟಿ ಸರಿ ಮಾಡಬೇಕು, ಅಳತೆಗೆ ಹಿಂದೆ ನಿಲ್ಲಿಸಿದ ಅಡ್ಡಪಟ್ಟಿಗೆ, ಅಂದರೆ ಬ್ಯಾಕ್ ಗೇಜಿಗೆ ತಾಗುವಂತೆ ಒತ್ತಬೇಕು, ಕತ್ತರಿಸಿದ್ದನ್ನು ಎಳೆದುಕೊಳ್ಳಬೇಕು. ಮಳೆಗಾಲದಲ್ಲಂತೂ ಕಾಗದ ಥಂಡಿ ಹೀರಿ ಅಲೆ ಅಲೆಯಾಗಿ ಏಳುತ್ತದೆ. ಸವರಿದಷ್ಟೂ ಸಾಲದು. ಕೈ ಮತ್ತೆ ಮತ್ತೆ ಬ್ಲೇಡಿನ ಕೆಳಗೇ ಹೋಗುತ್ತಿರುತ್ತದೆ.

1844ರಲ್ಲಿ ಫ್ರಾನ್ಸಿನ ಗಿಯೋಮ್ ಮಾಸಿಕೊ ರೂಪಿಸಿದ ಗಿಲೋಟಿನ್ ಮಾದರಿಯೇ ಇವತ್ತಿಗೂ ನಡೆದುಬಂದಿದೆ. ಮೊದಲು ಕ್ಲ್ಯಾಂಪ್ ಇಳಿದು ಕಾಗದವನ್ನು ಅದುಮಿ ಹಿಡಿಯುತ್ತದೆ. ಆಮೇಲೆ ಬ್ಲೇಡ್ ಓರೆಯಾಗಿ ಇಳಿದು ಇಡೀ ಕಟ್ಟನ್ನು ಒಂದೇ ಏಟಿಗೆ ಕತ್ತರಿಸುತ್ತದೆ. ಎಲ್ಲರೂ ಬ್ಲೇಡಿಗೆ ಹೆದರುತ್ತಾರೆ, ಕ್ಲ್ಯಾಂಪನ್ನು ಮರೆಯುತ್ತಾರೆ. ಬ್ಲೇಡ್ ಬರುವ ಮೊದಲೇ ಬೆರಳು ಜಜ್ಜುವ ಬಲ ಅದಕ್ಕಿದೆ.

ನಮ್ಮ ಮನೆಗಳಲ್ಲಿ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರನ್ನು ನೋಡಿ. ಮಾತಾಡುತ್ತಾ, ಕವಳ ಹಾಕುತ್ತಾ ಸುಲಿಯುತ್ತಾರೆ. ಅಲ್ಲಿ ಕತ್ತಿ ನಿಂತಿರುತ್ತದೆ, ಕೈ ಓಡುತ್ತದೆ. ಕೈ ಎಲ್ಲಿದೆ ಎಂದು ಕೈಗೇ ಗೊತ್ತು. ಕಟಿಂಗ್ ಮಷಿನ್ನಿನಲ್ಲಿ ಓಡುವುದು ಕತ್ತಿ. ಒಂದು ಸಾರಿ ಹೊರಟ ಮೇಲೆ ಅದಕ್ಕೆ ಕಾಗದವೂ ಒಂದೇ, ಬೆರಳೂ ಒಂದೇ. 'ನನಗೆ 20 ವರ್ಷದ ಅನುಭವ ಇದೆ' ಅನ್ನುವ ಮಾತು ಮೆಟ್ಟುಗತ್ತಿಯ ಮುಂದೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಗೋಡೆ ಕಟ್ಟಲು ಬರದ ಇಂಥ ಕಡೆ ಎರಡು ಕೈ ಗುಂಡಿ ಬರುತ್ತದೆ. ಬ್ಲೇಡ್ ಇಳಿಯಬೇಕಾದರೆ ಎರಡು ಗುಂಡಿಗಳನ್ನು ಎರಡು ಕೈಯಲ್ಲಿ ಒಟ್ಟಿಗೆ ಒತ್ತಬೇಕು. ನಾನು ಶಿರಸಿಯ ಒಂದು ಸಣ್ಣ ಪ್ರೆಸ್ಸಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಲ್ಲಿದ್ದ ಹಿರಿಯರೊಬ್ಬರು ಇದನ್ನು ಒಂದೇ ಮಾತಲ್ಲಿ ಹೇಳಿದ್ದರು: "ಎರಡೂ ಕೈ ಗುಂಡಿ ಮೇಲಿದ್ರೆ, ಬ್ಲೇಡಿನ ಅಡಿಗೆ ಇಡಲೆ ಮೂರನೇ ಕೈ ಎಲ್ಲಿದ್ದೋ ತಮಾ?"

ಗುಂಡಿಗಳಿಗೂ ಲೆಕ್ಕವಿದೆ. ಎರಡನ್ನೂ ಅರ್ಧ ಸೆಕೆಂಡಿನ ಒಳಗೆ ಒತ್ತಬೇಕು, ಒಂದನ್ನು ಈಗ ಒತ್ತಿ ಇನ್ನೊಂದನ್ನು ಆಮೇಲೆ ಒತ್ತಿದರೆ ನಡೆಯಬಾರದು. ಒಂದೇ ಕೈಯನ್ನು ಅಗಲಿಸಿ ಒತ್ತಲು ಬಾರದಂತೆ ನಡುವೆ ಕನಿಷ್ಠ 26 ಸೆಂಟಿಮೀಟರ್ ಅಂತರ ಬೇಕು. ಅಂಗೈ ಒಂದಕ್ಕೆ, ಮೊಣಕೈ ಇನ್ನೊಂದಕ್ಕೆ ಕೊಡುವ ಜಾಣರೂ ಇರುತ್ತಾರಲ್ಲ, ಅವರಿಗಾಗಿ 55 ಸೆಂಟಿಮೀಟರ್. ಒಂದು ಕಟ್ ಮುಗಿದ ಮೇಲೆ ಎರಡೂ ಗುಂಡಿ ಬಿಟ್ಟ ಹೊರತು ಮುಂದಿನ ಕಟ್ ಬರಬಾರದು. ಒಂದು ಗುಂಡಿಗೆ ನಾಣ್ಯ ಸಿಕ್ಕಿಸಿ, ಮೇಲೊಂದು ಟೇಪ್ ಸುತ್ತಿ ಒಂದೇ ಕೈಯಲ್ಲಿ ಓಡಿಸುವವರಿಗಾಗಿಯೇ ಈ ಕೊನೆಯ ಲೆಕ್ಕ. ಮಾರಿಕಾಂಬಾ ಜಾತ್ರೆಯ ಹ್ಯಾಂಡ್‌ಬಿಲ್, ಮದುವೆ ಕಾಗದ, ಯಕ್ಷಗಾನ ಆಟದ ಪೋಸ್ಟರ್ ಎಲ್ಲಾ ಒಟ್ಟಿಗೆ ಮೈಮೇಲೆ ಬಿದ್ದಾಗ ಆ ನಾಣ್ಯ ಎಲ್ಲಿಂದಲೋ ಬಂದು ಕೂರುತ್ತದೆ. ನಾನೂ ನೋಡಿದ್ದೇನೆ. ಸುಮ್ನೆ ನೋಡಿಕೊಂಡು ಇದ್ದೆ ಎಂದೂ ಒಪ್ಪಿಕೊಳ್ಳುತ್ತೇನೆ.

ಆದರೆ ಹಿರಿಯರ ಮಾತಿನಲ್ಲಿ ಒಂದು ತೂತಿತ್ತು. ಮೂರನೇ ಕೈ ಇದೆ. ಅದು ಹೆಲ್ಪರಿನದು. ಆಪರೇಟರ್ ಎರಡೂ ಕೈಯಲ್ಲಿ ಗುಂಡಿ ಒತ್ತುತ್ತಾನೆ, ಅದೇ ಹೊತ್ತಿಗೆ ಪಕ್ಕದಲ್ಲಿ ನಿಂತ ಹುಡುಗ ಓರೆಯಾದ ಒಂದು ಹಾಳೆ ಕಂಡು ಕೈ ಚಾಚುತ್ತಾನೆ. ಎರಡು ಕೈ ಗುಂಡಿ ಕಾಯುವುದು ಒತ್ತಿದವನನ್ನು ಮಾತ್ರ.

ಆ ಮೂರನೇ ಕೈಗಾಗಿ ಬಂದದ್ದು ಬೆಳಕಿನ ಪರದೆ. ಪ್ರೆಸ್ಸಿನವರು ಇದನ್ನು ಸೆನ್ಸರ್ ಅನ್ನುತ್ತಾರೆ. ಮೇಜಿನ ಎರಡು ಬದಿಗೆ ಎರಡು ಕಂಬ, ಅವುಗಳ ನಡುವೆ ಕಣ್ಣಿಗೆ ಕಾಣದ ಕಿರಣಗಳ ಸಾಲು. ಬ್ಲೇಡ್ ಇಳಿಯುವಾಗ ಯಾರ ಕೈ ಅಡ್ಡ ಬಂದರೂ ಮಷಿನ್ ನಿಲ್ಲುತ್ತದೆ. ಇದೂ ಬೇಲಿಯೇ, ಗೂಟ ಇಲ್ಲದ ಬೇಲಿ.

ಇದನ್ನು ಬ್ಲೇಡಿಗೆ ಅಂಟಿಕೊಂಡ ಹಾಗೆ ಕೂರಿಸಿದರೆ ಮಾತ್ರ ಏನೂ ಉಪಯೋಗವಿಲ್ಲ. ಲೆಕ್ಕ ಹಾಕುವವರು ಚಾಚಿದ ಕೈಯ ವೇಗವನ್ನು ಸೆಕೆಂಡಿಗೆ 1.6ರಿಂದ 2 ಮೀಟರ್ ಎಂದು ಹಿಡಿಯುತ್ತಾರೆ. ಕಿರಣ ತುಂಡಾದ ಮೇಲೆ ಬ್ಲೇಡ್ ನಿಲ್ಲಲು 0.2 ಸೆಕೆಂಡ್ ಬೇಕು ಅಂದುಕೊಳ್ಳಿ. 2 ಮೀಟರಿನ ಲೆಕ್ಕ ಹಿಡಿದರೆ ಅಷ್ಟರಲ್ಲಿ ಕೈ 40 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಪರದೆ ಅದಕ್ಕಿಂತ ದೂರ ಇರಬೇಕು. ಬ್ರೇಕ್ ಸವೆದು ನಿಲ್ಲುವ ಹೊತ್ತು ಜಾಸ್ತಿಯಾದರೆ, ನಿನ್ನೆ ಸಾಕಾಗಿದ್ದ ದೂರ ಇವತ್ತು ಸಾಲದು. ಗಾರ್ಡ್ ಅಂದರೆ ಬರೀ ಕಂಬವಲ್ಲ, ಬ್ರೇಕೂ ಅದರದೇ ಭಾಗ. ಹಾಗೆಯೇ ಒಳ್ಳೆಯ ಮಷಿನ್ನುಗಳಲ್ಲಿ ಒಂದು ಉಕ್ಕಿನ ಗೂಟ ಇರುತ್ತದೆ. ಕ್ಲಚ್ ಕೈಕೊಟ್ಟರೂ ಬ್ಲೇಡ್ ತಾನಾಗಿ ಎರಡನೇ ಸಾರಿ ಇಳಿಯದಂತೆ ಅದು ತಡೆದು ಹಿಡಿಯುತ್ತದೆ.

ಹಿಂಭಾಗವನ್ನೂ ಮರೆಯಬಾರದು. ಗುಂಡಿ, ಸೆನ್ಸರ್ ಎರಡೂ ಮುಂದೆ. ಹಿಂದಿನಿಂದ ಬ್ಲೇಡಿನ ತನಕ ಕೈ ಹೋಗುವಂತಿದ್ದರೆ ಮುಂದಿನದೆಲ್ಲ ಅಲಂಕಾರ. ಅಲ್ಲಿ ಕೈಗೆ ಕೆಲಸ ಕಡಿಮೆ, ಹಾಗಾಗಿ ಬೋಲ್ಟ್ ಹಾಕಿದ ತಗಡೇ ಸಾಕು.

ನಮ್ಮ ಊರಿಗೆ ಸೇರಿದ ಇನ್ನೊಂದು ಅಪಾಯ ಕರೆಂಟು. ಆಷಾಢದ ಮಳೆಯಲ್ಲಿ ಅದು ಹೋಗುವುದು ಬರುವುದು ಹೇಗೆ ಎಂದು ಗೊತ್ತಲ್ಲ. ಕಟ್ ಅರ್ಧಕ್ಕೆ ನಿಂತಿತು ಎಂದು ಕೈ ಹಾಕಿದಾಗ ಕರೆಂಟು ಬಂದರೆ? ತೋಟದ ಪಂಪಿಗೆ ನಾವು ಆಟೋ ಸ್ಟಾರ್ಟರ್ ಹಾಕಿಸುತ್ತೇವೆ, ಕರೆಂಟು ಬಂದ ಕೂಡಲೇ ಪಂಪ್ ತಾನೇ ಚಾಲೂ ಆಗಲಿ ಎಂದು. ಕಟಿಂಗ್ ಮಷಿನ್ನಿಗೆ ಬೇಕಾದದ್ದು ಸರಿಯಾಗಿ ಇದರ ಉಲ್ಟಾ. ಕರೆಂಟು ಹೋದರೆ ಸ್ಟಾರ್ಟರ್ ಬೀಳಬೇಕು, ಬಂದ ಮೇಲೆ ಯಾರಾದರೂ ಒತ್ತಿದರೆ ಮಾತ್ರ ಏಳಬೇಕು. ಇನ್ನೊಂದು ಮಾತು: ಕರೆಂಟು ಹೋದರೂ ಫ್ಲೈವೀಲ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಬ್ಲೇಡನ್ನು ಒಂದು ಸಾರಿ ಇಳಿಸುವಷ್ಟು ಕಸುವು ಅದರಲ್ಲಿ ಉಳಿದಿರಬಹುದು.

ಬ್ಲೇಡ್ ಬದಲಿಸುವಾಗ ಈ ಯಾವ ಗಾರ್ಡೂ ನೆರವಿಗೆ ಬರುವುದಿಲ್ಲ. ಮೇನ್ ತೆಗೆದು, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಬಿಚ್ಚಿದ ಬ್ಲೇಡನ್ನು ಅದಕ್ಕೆಂದೇ ಇರುವ ಮರದ ಹಲಗೆಗೆ ಬಿಗಿದು, ಅದರ ಹರಿತದ ಬಾಯಿ ಮುಚ್ಚಿದ ಮೇಲೆಯೇ ಎತ್ತಬೇಕು.

ಇಷ್ಟೆಲ್ಲ ಇದ್ದರೂ, ಕಾಯ್ದೆಯ ಬೇಲಿಗೇ ಒಂದು ದೊಡ್ಡ ಸಂದಿ ಇದೆ. 1948ರ ಕಾಯ್ದೆಯಲ್ಲಿ ಕರೆಂಟು ಬಳಸುವ ಕಡೆ ಕಾರ್ಖಾನೆ ಎನಿಸಿಕೊಳ್ಳಲು 10 ಜನ ಕೆಲಸಗಾರರಿರಬೇಕಿತ್ತು. ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಅದನ್ನು 20ಕ್ಕೆ ಏರಿಸಿತು. ನಾಲ್ಕೈದು ಜನರ ಪ್ರೆಸ್ಸು ಎರಡರ ಲೆಕ್ಕಕ್ಕೂ ಬರುವುದಿಲ್ಲ. ಬ್ಲೇಡ್ ಮಾತ್ರ ಅಷ್ಟೇ ಹರಿತ.

ಬೆರಳು ಹೋದ ಮೇಲೆ ಬೇರೆ ಲೆಕ್ಕ. 1923ರ ಕೆಲಸಗಾರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ಹೋಯಿತು ಎಂದಿತ್ತು. ಇಡೀ ತೋರುಬೆರಳಿಗೆ ಶೇ. 14, ಒಂದೇ ಕೈಯ ನಾಲ್ಕೂ ಬೆರಳಿಗೆ ಶೇ. 50. ಅದೇ ಕಾಯ್ದೆಯ 3ನೇ ಕಲಮಿನಲ್ಲಿ ಇನ್ನೊಂದು ಮಾತಿತ್ತು: ಸುರಕ್ಷತೆಗೆ ಹಾಕಿದ ಗಾರ್ಡ್ ಎಂದು ಗೊತ್ತಿದ್ದೂ ಕೆಲಸಗಾರ ಬೇಕೆಂದೇ ಅದನ್ನು ತೆಗೆದು, ಅದರಿಂದಲೇ ಗಾಯವಾದರೆ, ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯದ ಹೊರತು ಮಾಲೀಕ ಪರಿಹಾರ ಕೊಡಬೇಕಿಲ್ಲ. ಗುಂಡಿಗೆ ಸಿಕ್ಕಿಸಿದ ಆ ನಾಣ್ಯ ಯಾರ ಜೇಬಿನದು, ಸಿಕ್ಕಿಸಲು ಹೇಳಿದ್ದು ಯಾರು ಎಂಬ ಜಗಳ ಶುರುವಾಗುವುದು ಅಲ್ಲಿಂದಲೇ.