ಪದ ಪರಿಚಯ: ಸ್ಕಾರ್ಡಟೂರ

ಪಿಟೀಲಿನ ತಂತಿಗಳನ್ನು ರೂಢಿಯ ಶ್ರುತಿ ಬಿಟ್ಟು ಬೇರೆ ಸ್ವರಗಳಿಗೆ ಕೂಡಿಸುವುದಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ಸ್ಕಾರ್ಡಟೂರ ಎಂಬ ಇಟಾಲಿಯನ್ ಪದವಿದೆ. ಅಮೆರಿಕದ ಅಪಲೇಚಿಯನ್ ಬೆಟ್ಟಸೀಮೆಯ ಫಿಡ್ಲ್ (ಜಾನಪದ ಶೈಲಿಯ ಪಿಟೀಲು) ವಾದಕರ ಬಾಯಲ್ಲಿ ಇದು ಕ್ರಾಸ್ ಟ್ಯೂನಿಂಗ್. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಗುರುಗಳ ಎದುರು ಚಕ್ಕಳಮಕ್ಕಳ ಹಾಕಿ ಸರಳೆ ವರಿಸೆ ಕಲಿತು, ಮನೆಗೆ ಬಂದು ಮೊಬೈಲ್ ನೋಡಿಕೊಂಡು ರೀಲ್ ಎಂಬ ಐರಿಷ್ ಕುಣಿತದ ಧಾಟಿ ನುಡಿಸಲು ಹೊರಡುವವರು ಮೊದಲು ತಿಳಿಯಬೇಕಾದ ಪದ ಇದೇ. ಬೆರಳು ತೋರಿಸಿದಲ್ಲೇ ಇದ್ದರೂ ಸ್ವರ ಎಲ್ಲೋ ಹೋಗುತ್ತದೆ. ಪಾಪ, ಅವರು ತಮ್ಮ ಕಿವಿಯನ್ನೇ ಬೈದುಕೊಳ್ಳುತ್ತಾರೆ.

ಪಾಶ್ಚಾತ್ಯ ರೂಢಿಯಲ್ಲಿ ನಾಲ್ಕು ತಂತಿಗಳು ತಗ್ಗಿನಿಂದ ಮೇಲಕ್ಕೆ ಜಿ, ಡಿ, ಎ, ಇ ಸ್ವರಗಳಲ್ಲಿರುತ್ತವೆ. ಐರಿಷ್ ಫಿಡ್ಲ್‌ಗೂ ಸಾಮಾನ್ಯವಾಗಿ ಇದೇ ಶ್ರುತಿ. ಒಂದು ತಂತಿಯನ್ನು ಷಡ್ಜವೆಂದುಕೊಂಡರೆ ಅದರ ಪಕ್ಕದ ಮೇಲಿನ ತಂತಿ ಪಂಚಮವಾಗುತ್ತದೆ. 19ನೇ ಶತಮಾನದ ಆರಂಭದ ಹೊತ್ತಿಗೆ ಬಾಲುಸ್ವಾಮಿ ದೀಕ್ಷಿತರಂಥವರ (1786–1858) ಕೈಯಲ್ಲಿ ಕರ್ನಾಟಕ ಸಂಗೀತಕ್ಕೆ ಒಗ್ಗಿದ ಪಿಟೀಲು ಇಂದು ಸ-ಪ-ಸ-ಪ ಶ್ರುತಿಯಲ್ಲಿದೆ: ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ. ಆಧಾರ ಷಡ್ಜ ಎಲ್ಲಿರಬೇಕೆಂಬುದನ್ನು ಹಾಡುಗಾರರ ಕಂಠ ನಿರ್ಧರಿಸುತ್ತದೆ. ತಂತಿಗಳು ಸಾಮಾನ್ಯವಾಗಿ ಪಾಶ್ಚಾತ್ಯ ಮಟ್ಟಕ್ಕಿಂತ ತಗ್ಗಿನಲ್ಲೇ ಇರುವುದರಿಂದ ಬಿಗಿ ಕಡಿಮೆ. ಸ್ವರವನ್ನು ತೂಗಾಡಿಸುವ ಗಮಕಕ್ಕೆ, ಸ್ವರದಿಂದ ಸ್ವರಕ್ಕೆ ಜಾರುವ ಜಾರುವಿಗೆ ಬೆರಳು ಹಾಯಾಗಿ ಓಡಾಡುತ್ತದೆ. ಇಟಲಿಯವರ ಲೆಕ್ಕದಲ್ಲಿ ನಮ್ಮ ಶ್ರುತಿ ಹುಟ್ಟಾ ಸ್ಕಾರ್ಡಟೂರ.

ಸೋಜಿಗವಿರುವುದು ಮುಂದೆ. ಅಪಲೇಚಿಯನ್ ವಾದಕರು ಜಿ ತಂತಿಯನ್ನು ಎ-ಗೆ, ಡಿ ತಂತಿಯನ್ನು ಇ-ಗೆ ಏರಿಸಿ ಎ-ಇ-ಎ-ಇ ಮಾಡಿಕೊಳ್ಳುವುದುಂಟು. ಎ ಷಡ್ಜವೆಂದು ಹಾಡಿ ನೋಡಿ: ಸ-ಪ-ಸ-ಪ! ಇದರಿಂದ ಆಗುವ ಲಾಭವೂ ಎರಡೂ ಕಡೆ ಒಂದೇ. ಕೆಳಗಿನ ಎರಡು ತಂತಿಗಳಲ್ಲಿ ನುಡಿಸಿದ್ದನ್ನು ಅದೇ ಬೆರಳುಗಳಿಂದ ಮೇಲಿನ ಎರಡರಲ್ಲಿ ನುಡಿಸಿದರೆ ಒಂದು ಸ್ಥಾಯಿ ಮೇಲೆ ಅದೇ ಸಂಗತಿ ಬರುತ್ತದೆ. ಕಮಾನು ಮುಟ್ಟದ ತಂತಿಗಳೂ ಸ್ವರಕ್ಕೆ ಸ್ವರ ಸೇರಿಸಿ ಗುಂಯ್‌ಗುಡುತ್ತವೆ. ವಾದ್ಯದ ಹೊಟ್ಟೆ ತುಂಬಿದಂತಾಗಿ ನಾದ ಹಿಗ್ಗುತ್ತದೆ. ಮೈಕ್ ಇಲ್ಲದ ಕಾಲದಲ್ಲಿ ಕುಣಿಯುವವರ ಗದ್ದಲದ ನಡುವೆ ಒಬ್ಬಂಟಿ ಫಿಡ್ಲ್ ಕೇಳಿಸಬೇಕಾದರೆ ಇದು ಬೇಕಿತ್ತು. ನಮ್ಮ ಮೈಸೂರು ಟಿ. ಚೌಡಯ್ಯನವರು (1895–1967) ಇದೇ ತೊಡಕಿಗೆ ಬೇರೆ ದಾರಿ ಹಿಡಿದರು: ತಂತಿಗಳನ್ನೇ ಏಳಕ್ಕೆ ಏರಿಸಿದರು.

ಶಾಸ್ತ್ರೀಯ ರಚನಕಾರರು ಸ್ಕಾರ್ಡಟೂರವನ್ನು ಬಳಸಿದ್ದು ಹೆಚ್ಚಾಗಿ ಬಣ್ಣಕ್ಕಾಗಿ. ಫ್ರಾನ್ಸಿನ ಸಾಂ ಸಾನ್ಸ್ 1874ರಲ್ಲಿ ಸಾವಿನ ಕುಣಿತದ ಕೃತಿಯೊಂದರಲ್ಲಿ ಇ ತಂತಿಯನ್ನು ಅರ್ಧ ಸ್ವರ ಇಳಿಸಿದ. ಎ ತಂತಿಗೆ ಜೊತೆಯಾಗಿ ಪಂಚಮದ ಬದಲು ಅದಕ್ಕಿಂತ ಅರ್ಧ ಸ್ವರ ಕೆಳಗಿನ ಪ್ರತಿ ಮಧ್ಯಮ ಕೇಳಿಸಿ, ಎದೆ ಜುಂ ಎನ್ನುತ್ತದೆ.

ಇನ್ನು ಕೊಡಗಿನ ಕಷ್ಟ. ಇಲ್ಲಿನ ಹವೆ ಹೇಳದೆ ಕೇಳದೆ ತನ್ನದೇ ಸ್ಕಾರ್ಡಟೂರ ಮಾಡಿಟ್ಟಿರುತ್ತದೆ. ಜೂನ್ ಮಳೆ ಹಿಡಿಯಿತೆಂದರೆ ತಂತಿ ಬಿಗಿಸುವ ಬಿರಡೆ ತೇವ ಹೀರಿ ಉಬ್ಬಿ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ, ಕಮಾನಿನ ಕೂದಲು ಉದ್ದವಾಗಿ ಜೋಲುತ್ತದೆ. ಕಾಫಿಯ ಹೂಮಳೆಗೆ ಮುಂಚಿನ ಒಣ ದಿನಗಳಲ್ಲಿ ಅದೇ ಬಿರಡೆ ಕುಗ್ಗಿ ಸರ್ರನೆ ಜಾರುತ್ತದೆ. ಕಚ್ಚುವ ಬಿರಡೆಗೆ ಒಣ ಸೋಪು, ಜಾರುವುದಕ್ಕೆ ಸೀಮೆಸುಣ್ಣ ಸವರುವುದು ಹಳೆಯ ಉಪಾಯ. ತಗ್ಗಿನ ಸ-ಪ-ಸ-ಪದಿಂದ ಜಿ-ಡಿ-ಎ-ಇಗೆ ಹೋಗುವಾಗ ಒಂದೇ ತಂತಿಯನ್ನು ಒಮ್ಮೆಲೇ ಎಳೆಯಬೇಡಿ. ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಬಿರಡೆಯನ್ನು ಒಳಕ್ಕೆ ಒತ್ತಿ ತಿರುಗಿಸಿ. ತಂತಿಗಳನ್ನು ಹೊತ್ತು ನಿಂತ ಮರದ ತುಂಡಾದ ಕುದುರೆಯ ಮೇಲೆ ಕಣ್ಣಿರಲಿ: ತಂತಿ ಬಿಗಿದಂತೆ ಅದರ ತಲೆ ಬಿರಡೆಗಳ ಕಡೆಗೆ ವಾಲುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಪಟ್ಟನೆ ಬಿದ್ದು, ವಾದ್ಯದ ಮೈಯಲ್ಲಿ ಗಾಯ ಮಾಡುತ್ತದೆ.

ಎರಡು ಶೈಲಿಗಳನ್ನು ದಿನವೂ ಅಭ್ಯಾಸ ಮಾಡುವವರು ಹೀಗೆ ಏರಿಸಿ ಇಳಿಸಿ ತಂತಿಗಳನ್ನು ಸವೆಸುವ ಬದಲು, ಅಗ್ಗದ್ದಾದರೂ ಸರಿ, ಇನ್ನೊಂದು ಪಿಟೀಲು ಇಟ್ಟುಕೊಳ್ಳುವುದು ಮೇಲು. ಒಂದೇ ವಾದ್ಯ ಇರುವವರು ಎ-ಇ-ಎ-ಇ ಶ್ರುತಿಯ ಅಪಲೇಚಿಯನ್ ಧಾಟಿಗಳಿಂದ ಶುರುಮಾಡಬಹುದು. ಅವಕ್ಕೆ ಬಿರಡೆಯನ್ನು ಮುಟ್ಟುವ ಅಗತ್ಯವೇ ಇಲ್ಲ, ಇದ್ದ ಷಡ್ಜದಲ್ಲೇ ನುಡಿಸಿದರಾಯಿತು.