ಹಳೇ ಅಲಗಿಗೆ ಹೊಸ ಹಿಡಿ

ಆಯುಧ ಪೂಜೆ ಹತ್ತಿರ ಬಂತೆಂದರೆ ನಮ್ಮ ಅಂಗಡಿ ಜಗುಲಿ ಮೇಲೆ ಗೋಣಿಚೀಲಗಳು ಸಾಲಾಗಿ ಕೂರುತ್ತವೆ. ಬಿಚ್ಚಿದರೆ ಒಳಗೆ ಕತ್ತಿ, ಕುಡುಗೋಲು, ಮಚ್ಚು, ಅಡುಗೆಮನೆಯ ಚೂರಿ. ಅಡಿಕೆ ಕೊಯ್ಲು ಬೇರೆ ಎದುರಿಗಿರುತ್ತದೆ, ಹಾಗಾಗಿ ಎಲ್ಲರಿಗೂ ಅವಸರ. "ಆಚಾರ್ರೇ, ಅಲಗು ಚೆನ್ನಾಗೇ ಇದೆ, ಹಿಡಿ ಮಾತ್ರ ಹೋಗಿದೆ" ಎನ್ನುವ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ.

ಅಲಗು ಚೆನ್ನಾಗಿರುವುದು ನಿಜ. ನಮ್ಮ ಕಡೆಯ ಹಳೇ ಕತ್ತಿಗಳಲ್ಲಿ ಎಷ್ಟೋ ಲಾರಿ, ಜೀಪಿನ ಸ್ಪ್ರಿಂಗ್ ಪಟ್ಟಾ ಬಡಿದು ಮಾಡಿದವು. ಆ ಉಕ್ಕು ಇನ್ನೊಂದು ತಲೆಮಾರು ಬಾಳುತ್ತದೆ. ಆದರೆ ಹಿಡಿ ಯಾಕೆ ಹೋಯಿತು ಅಂತ ನೋಡದೆ ಹೊಸದು ಹಾಕಿದರೆ, ಎರಡು ಮಳೆಗಾಲದೊಳಗೆ ಅದೂ ಹೋಗುತ್ತದೆ. ಅದಕ್ಕೇ ನಾನು ಹೇಳುವುದು: ಹಳೇ ಹಿಡಿಯನ್ನು ಒಲೆಗೆ ಹಾಕಬೇಡಿ. ಮೊದಲು ಅದನ್ನು ನೋಡಿ.

ಒಡೆದ ಹಿಡಿಯನ್ನು ಉದ್ದಕ್ಕೆ ಸೀಳಿ. ಅಲಗಿನ ಬಾಲ, ಅಂದರೆ ಹಿಡಿಯೊಳಗೆ ಕೂರುವ ಚೂಪು ಕಬ್ಬಿಣ, ಅದರ ಸುತ್ತ ಕೆಂಪು ಪುಡಿ ಉದುರುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ. ಮರ ಎಷ್ಟು ದಿನ ತಡೆದೀತು? ಒಳಗಿನಿಂದ ಒತ್ತಿ ಒತ್ತಿ ಸೀಳುತ್ತದೆ. ಪುಡಿ ಎಲ್ಲಿ ಜಾಸ್ತಿ ಇದೆ ಗಮನಿಸಿ. ಅಲಗು ಒಳಗೆ ಹೋಗುವ ಬಾಯಿಯ ಹತ್ತಿರವೇ ಇರುತ್ತದೆ. ನೀರು ಇಳಿದದ್ದು ಅಲ್ಲಿಂದಲೇ. ಎಂಥ ಒಳ್ಳೆ ಮರ ತಂದರೂ ಆ ಬಾಯಿ ಮುಚ್ಚದಿದ್ದರೆ ಪ್ರಯೋಜನವಿಲ್ಲ.

ಹಿಡಿಯ ಹೊರಮೈಯೂ ಅಷ್ಟೇ ಹೇಳುತ್ತದೆ. ಹೋದ ವರ್ಷ ಒಬ್ಬ ಅಮ್ಮ ಸೊಪ್ಪು, ತರಕಾರಿ ಹೆಚ್ಚುವ ಚೂರಿ ತಂದಿದ್ದರು. ಅವರ ಅತ್ತೆ ಕಾಲದ್ದು. ಅಲಗು ಸವೆದು ಸವೆದು ಎರಡು ಬೆರಳಗಲ ಉಳಿದಿತ್ತು. "ಕೈಯಲ್ಲಿ ಸರಿಯಾಗಿ ಕೂರಲ್ಲ, ಹತ್ತು ವರ್ಷದಿಂದ ಹಾಗೇ ನಡೆಸಿದ್ದೀನಿ" ಅಂದರು. ಹಿಡಿ ತಿರುಗಿಸಿ ನೋಡಿದೆ. ಹೆಬ್ಬೆರಳು ಒತ್ತಿ ಒತ್ತಿ ಆದ ಗುಳಿ ಬಲಮಗ್ಗುಲಲ್ಲಿತ್ತು. ಬಲಗೈಯವರು ಹಿಡಿದರೆ ಹೆಬ್ಬೆರಳು ಬರುವುದು ಎಡಮಗ್ಗುಲಿಗೆ.

"ನಿಮ್ಮ ಅತ್ತೆಗೆ ಎಡಗೈ ರೂಢಿಯಾಗಿತ್ತಾ ಅಮ್ಮಾ?" ಅಂತ ಕೇಳಿದೆ. ಅವರು ಚೂರಿಯನ್ನೇ ಸ್ವಲ್ಪ ಹೊತ್ತು ನೋಡಿದರು. "ಹೌದು. ಬಡಿಸುವಾಗ ಮಾತ್ರ ಬಲಗೈ. ಉಳಿದಿದ್ದೆಲ್ಲ ಎಡಗೈಯಲ್ಲೇ" ಅಂದರು. ಹೊಸ ಹಿಡಿಯನ್ನು ಅವರ ಬಲಗೈ ಅಳತೆಗೆ ಮಾಡಿದೆ. ಹಳೆಯದನ್ನು ಎಣ್ಣೆ ಒರೆಸಿ ವಾಪಸ್ ಕೊಟ್ಟೆ. ಅದು ಅವರ ಮನೆಯದು, ನನ್ನ ಅಂಗಡಿ ಕಸಕ್ಕೆ ಸೇರಬಾರದು.

ಇನ್ನು ಮರದ ವಿಚಾರ. ಎಲ್ಲರೂ ಬೀಟೆ ಕೇಳುತ್ತಾರೆ. ಮುರಿದ ಹಳೇ ಕುರ್ಚಿಯ ಕಾಲು ಮನೆಯಲ್ಲಿದ್ದರೆ ಖಂಡಿತ ತನ್ನಿ, ಅದಕ್ಕಿಂತ ಒಣಗಿದ ಬೀಟೆ ಸಿಗಲ್ಲ. ಅದನ್ನು ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಆ ಪುಡಿ ಕೆಲವರ ಚರ್ಮಕ್ಕೆ, ಉಸಿರಿಗೆ ಆಗಿಬರುವುದಿಲ್ಲ. ಬೀಟೆ ಇಲ್ಲ ಅಂತ ಬೇಜಾರೂ ಬೇಡ. ಹುಣಸೆ, ಜಾಲಿ, ಸೀಬೆ, ಕಿತ್ತು ಹಾಕಿದ ಕಾಫಿ ಗಿಡದ ಬುಡ, ಇವೆಲ್ಲ ಗಟ್ಟಿ ಮರಗಳೇ. ಎಳೆ ನೇರವಾಗಿ ಹಿಡಿಯ ಉದ್ದಕ್ಕೆ ಓಡಬೇಕು. ಅಡ್ಡ ಓಡಿದರೆ ಒಂದು ಪೆಟ್ಟಿಗೆ ಮುರಿಯುತ್ತದೆ.

ಮರದ ಜಾತಿಗಿಂತ ಒಣಗಿಸುವುದು ಮುಖ್ಯ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಹಸಿ ಸೀಬೆ ಕೊಂಬೆ ಕಡಿದು ಒಂದು ಕತ್ತಿಗೆ ಹಿಡಿ ಹಾಕಿಕೊಟ್ಟಿದ್ದೆ. ಆಗ ಕಲ್ಲಿನ ಹಾಗೆ ಬಿಗಿಯಾಗಿತ್ತು. ಬೇಸಿಗೆ ಬಂತು, ಮರ ಬತ್ತಿತು. ಬೇಲಿ ಸವರುವಾಗ ಅಲಗು ಕಳಚಿ ಹಾರಿ, ಪಕ್ಕದಲ್ಲಿದ್ದವರ ಕಾಲಿಂದ ಒಂದು ಮೊಳ ದೂರ ನೆಟ್ಟುಕೊಂಡಿತು. ಅವತ್ತಿನಿಂದ ಹಸಿ ಮರ ಮುಟ್ಟಿಲ್ಲ. ತುಂಡು ಮಾಡಿ, ಎರಡೂ ತುದಿಗೆ ಮೇಣ ಸವರಿ, ಅಟ್ಟದ ಮೇಲೆ ಒಂದು ವರ್ಷ ಇಡುತ್ತೇನೆ. ಒಣಗಿತೋ ಇಲ್ಲವೋ ತಿಳಿಯಲು ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಕೈ ಹಚ್ಚಿ.

ಬಾಲದ ಅಲಗು ಕೂರಿಸುವ ಹಳೇ ಕ್ರಮ ಎಂದರೆ ಕಾಯಿಸಿ ಇಳಿಸುವುದು. ಮೊದಲು ಬಾಲಕ್ಕಿಂತ ಸಣ್ಣ ತೂತು ಕೊರೆಯಬೇಕು. ಅಲಗಿಗೆ ಒದ್ದೆ ಬಟ್ಟೆ ದಪ್ಪಗೆ ಸುತ್ತಿ, ಬಾಲವನ್ನು ಮಾತ್ರ ಕಾಯಿಸಿ ಒಳಗೆ ಒತ್ತಬೇಕು. ಬಟ್ಟೆ ಯಾಕೆ ಅಂದರೆ, ಬಿಸಿ ಅಲಗಿಗೆ ಹತ್ತಿದರೆ ಹದ ಹೋಗುತ್ತದೆ. ಅಲಗಿನ ಬಾಯಿ, ಅಂದರೆ ಹರಿತದ ಅಂಚು, ನೀಲಿ ಬಣ್ಣಕ್ಕೆ ತಿರುಗಿತು ಎಂದರೆ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ ಲೆಕ್ಕ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲಲ್ಲ. ಪೂರ್ತಿ ಕಾಯಿಸಿಯೇ ಇಳಿಸಲೂ ಹೋಗಬೇಡಿ. ತೂತಿನ ಒಳಮೈ ಇದ್ದಿಲಾಗಿ ಉದುರುತ್ತದೆ, ಅಲಗು ಸಡಿಲವಾಗುತ್ತದೆ. ಮುಕ್ಕಾಲು ಭಾಗ ಇಳಿದ ಮೇಲೆ ಆರಲು ಬಿಟ್ಟು, ಬಿಡಿಸಿ, ಕರಿ ಕೆರೆದು ತೆಗೆಯುತ್ತೇನೆ.

ಆಮೇಲೆ ಅರಗು. ಅರಗಿಗೆ ಜರಡಿ ಹಿಡಿದ ಇಟ್ಟಿಗೆ ಪುಡಿ ಬೆರೆಸಿ, ಕರಗಿಸಿ ತೂತಿಗೆ ತುಂಬುವುದು. ಬಾಲವನ್ನು ಸ್ವಲ್ಪ ಬೆಚ್ಚಗೆ ಮಾಡಿ ಇಳಿಸಿದರೆ ಅರಗು ಬಾಯಿವರೆಗೆ ಉಕ್ಕುತ್ತದೆ. ಉಕ್ಕಲೇಬೇಕು. ನೀರಿಗೆ ದಾರಿ ಮುಚ್ಚುವುದು ಅದೇ. ಆರುವ ಮುಂಚೆ ಕತ್ತಿಯನ್ನು ಅಲಗು ಕೆಳಗೆ ಬರುವಂತೆ ಗಾಳಿಯಲ್ಲಿ ತೂಗಿ ಹಿಡಿದು, ಹಿಡಿಯ ಬುಡಕ್ಕೆ ಮರದ ಸುತ್ತಿಗೆಯಿಂದ ಎರಡು ಪೆಟ್ಟು ಹಾಕುತ್ತೇನೆ. ಅಲಗಿನ ಭಾರಕ್ಕೆ ಹಿಡಿ ತಾನೇ ಏರಿ ಕೂರುತ್ತದೆ. ಅಲಗಿನ ತುದಿಯನ್ನು ನೆಲಕ್ಕೆ ಕುಟ್ಟಿ ಕೂರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅರಗಿನ ದೊಡ್ಡ ಗುಣ, ಬೆಚ್ಚಗೆ ಮಾಡಿದರೆ ಬಿಟ್ಟುಕೊಡುತ್ತದೆ. ಮುಂದೆ ಯಾರಾದರೂ ರಿಪೇರಿ ಮಾಡಬೇಕಾದರೆ ಅಲಗಿಗೆ ನೋವಾಗಲ್ಲ. ದೋಷವೂ ಅದೇ. ಬಿಸಿನೀರಲ್ಲಿ ಅದ್ದಿ ತೊಳೆಯುವ ಅಡುಗೆಮನೆ ಚೂರಿಗೆ ಅರಗು ನಿಲ್ಲಲ್ಲ. ಅದಕ್ಕೆ ಅರಾಲ್ಡೈಟ್ ಅಂಟು ಹಾಕುತ್ತೇನೆ. ಎರಡೂ ಟ್ಯೂಬು ಸಮ ಬೆರೆಸಿ, ಒಂದು ಪೂರ್ತಿ ದಿನ ಅಲುಗಾಡಿಸದೆ ಬಿಡುವುದು. ಹಿಡಿಯ ಬಾಯಿಗೆ ತಾಮ್ರದ ಪೈಪಿನ ತುಂಡನ್ನು ಬಳೆ ಮಾಡಿ ಬಿಗಿಯಾಗಿ ಏರಿಸಿದರೆ ಮರ ಸೀಳುವ ಭಯವೂ ಕಡಿಮೆ.

ಎರಡು ಪಕ್ಕ ಮರದ ಹೋಳು ಕೂರಿಸಿ ಮೊಳೆ ಹೊಡೆದ ಚೂರಿಗಳ ಕೆಲಸ ಇದಕ್ಕಿಂತ ಸುಲಭ. ಹಳೇ ಮೊಳೆಯ ತಲೆ ಕೊರೆದು, ಹಿಂದಿನಿಂದ ಕುಟ್ಟಿ ತೆಗೆಯಿರಿ. ಹೊಸದಕ್ಕೆ 4 ಮಿಲಿಮೀಟರ್ ಹಿತ್ತಾಳೆ ಸರಳು ಸಾಕು. ಒಂದೇ ದೊಡ್ಡ ಪೆಟ್ಟು ಬೇಡ, ಸಣ್ಣ ಸಣ್ಣ ಪೆಟ್ಟಲ್ಲಿ ತಲೆ ಅರಳಿಸಬೇಕು. ಇಲ್ಲದಿದ್ದರೆ ಕೊನೇ ಗಳಿಗೆಯಲ್ಲಿ ಮರ ಸೀಳಿ ಅಳು ಬರುತ್ತದೆ. ಮಷಿನ್ ಗರಗಸದ ಬ್ಲೇಡಿನಿಂದ ಮಾಡಿದ ಚೂರಿಗೆ ಮಾತ್ರ ಹೊಸ ತೂತು ಕೊರೆಯಲು ಹೋಗಬೇಡಿ. ಸಾದಾ ಡ್ರಿಲ್ಲಿನ ಮೊನೆ ಅದರ ಮೇಲೆ ಜಾರುತ್ತದೆ ಅಷ್ಟೇ. ಇದ್ದ ತೂತಿಗೇ ಮರದ ಹೋಳು ಹೊಂದಿಸಿ.

ಕೆಲವರು ಅಜ್ಜನ ಕಾಲದ ಜಿಂಕೆ ಕೊಂಬು, ಕಡವೆ ಕೊಂಬು ತಂದು ಅದರಲ್ಲೇ ಹಿಡಿ ಮಾಡಿಕೊಡಿ ಅನ್ನುತ್ತಾರೆ. ನಾನು ಮಾಡಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಮತ್ತೆ ನನಗೆ ಮನಸ್ಸೂ ಇಲ್ಲ. ಕೊಂಬಿನ ಹಿಡಿಯೇ ಬೇಕೆಂದರೆ ಎಮ್ಮೆ ಕೊಂಬು ಆಗುತ್ತದೆ.

ಆಕಾರಕ್ಕೆ ಬಂದರೆ, ಪೇಟೆಯಲ್ಲಿ ಸಿಗುವ ಕಡೆದ ಗುಂಡನೆ ಹಿಡಿ ಕತ್ತಿಗೆ ಸಲ್ಲದು. ನೋಡಲು ಚೆಂದ, ಆದರೆ ಕೈ ಬೆವರಿದಾಗ ತಿರುಗುತ್ತದೆ. ಹಿಡಿ ಮೊಟ್ಟೆಯ ಹಾಗೆ ಚಪ್ಪಟೆ ದುಂಡಗಿರಬೇಕು. ಅಂಗೈ ಅಗಲಕ್ಕೆ ಒಂದು ಬೆರಳು ಸೇರಿಸಿದಷ್ಟು ಉದ್ದ. ಬೀಸುವ ಕತ್ತಿಯಾದರೆ ಬುಡ ಸ್ವಲ್ಪ ದಪ್ಪ ಬಿಡಬೇಕು, ಜಾರದ ಹಾಗೆ. ಉಪ್ಪು ಕಾಗದ ಹಾಕಿದ ಮೇಲೆ ಅಗಸೆ ಎಣ್ಣೆ ತೆಳ್ಳಗೆ ಎರಡು ಮೂರು ಸಲ, ನಡುನಡುವೆ ಒಣಗಲು ಬಿಟ್ಟು. ಕೊಬ್ಬರಿ ಎಣ್ಣೆ ಒಣಗದೆ ಜಿಡ್ಡಾಗೇ ಉಳಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗೇ ಕಾದು ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಕೊಡುವ ಮುಂಚೆ ಅಲಗಿಗೆ ದಪ್ಪ ಗೋಣಿ ಸುತ್ತಿ, ಕಣ್ಣು ಮುಚ್ಚಿ ಹಿಡಿಯಿರಿ ಅಂತ ಹೇಳುತ್ತೇನೆ. "ಅಲಗಿನ ಬಾಯಿ ಯಾವ ಕಡೆಗಿದೆ?" ಅಂತ ಕೇಳುತ್ತೇನೆ. ಕೂಡಲೇ ಹೇಳಿದರೆ ಹಿಡಿ ಸರಿ ಬಂದಿದೆ. ಬೆರಳಾಡಿಸಿ ಹುಡುಕಿದರೆ ವಾಪಸ್ ಇಸಿದುಕೊಂಡು ಮತ್ತೆ ಅರ ಹಿಡಿಯುತ್ತೇನೆ.